ಪಾಲಿಶ್ ಕೋಣೆಯ ಬೀಗದ ಕೈ

ಪಾಲಿಶಣ್ಣ ಮೂರು ಹೊತ್ತೂ ಕುಡಿಯುತ್ತಿದ್ದ ಕಾಲದಲ್ಲಿ ಸ್ಪಿರಿಟ್ ಬೀರುವಿನ ಬೀಗದ ಕೈ ಅವನ ಜೇಬಿನಲ್ಲೇ ಇರುತ್ತಿತ್ತು. ಕುಡಿತ ಬಿಟ್ಟು ನಾಲ್ಕು ವರ್ಷವಾದ ಮೇಲೆ, ಸಭೆ ಸೇರಿಸಿ, ಚಪ್ಪಾಳೆ ತಟ್ಟಿ, ಹೂಗುಚ್ಛ ಕೊಟ್ಟು, ಆ ಬೀಗದ ಕೈ ಕಿತ್ತುಕೊಂಡರು. ಜನ ಈಗ ಸುಧಾರಿಸಿದ್ದಾರೆ ಅಂತ ಯಾರಾದರೂ ಹೇಳಿದರೆ ಅವನು ಹೂಂ ಅನ್ನುತ್ತಾನೆ, ಅಷ್ಟೆ. ವಾದ ಮಾಡುವುದಕ್ಕೂ ತ್ರಾಣ ಬೇಕಲ್ಲ.

ಅದು ಮೇಜು, ಕುರ್ಚಿ, ಬಾಗಿಲು ಮಾಡುವ ಕಾರ್ಖಾನೆ. ಮುಂದಿನ ಶೆಡ್ಡಿನಲ್ಲಿ ಬಡಗಿಗಳು, ಮಹಡಿಯ ಮೇಲೆ ಆಫೀಸು, ಹಿಂದುಗಡೆ ಎರಡು ಕಿಟಕಿಯ ಪಾಲಿಶ್ ಕೋಣೆ. ಕೋಣೆಯ ಮೂಲೆಯಲ್ಲಿ ಕಬ್ಬಿಣದ ಬೀರು, ಅದರೊಳಗೆ ಸ್ಪಿರಿಟ್ ಡಬ್ಬಗಳು. ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಒಂದು ದಿನ ನೆನೆಹಾಕಿ, ಸೋಸಿ, ಹತ್ತಿಯುಂಡೆಗೆ ಹಳೇ ಬಟ್ಟೆ ಸುತ್ತಿ ಅದರಿಂದ ಮರಕ್ಕೆ ಹಚ್ಚುತ್ತ ಹೋದರೆ ಪಾಲಿಶ್. ಕೇಳುವುದಕ್ಕೆ ಎಷ್ಟು ಸಲೀಸು! ಮರ ಯಾವುದು, ಹವೆ ಒಣಗಿದೆಯೋ ಥಂಡಿಯೋ ನೋಡಿಕೊಂಡು ಗಳಿಗೆಗೊಮ್ಮೆ ಸ್ಪಿರಿಟ್ ಬೆರೆಸುತ್ತಿರಬೇಕು. ನಡುವೆ ಉಂಡೆ ಒಣಗಿತೋ, ಮಾಡಿದ್ದೆಲ್ಲ ಹಾಳು. ಮೂವತ್ತು ವರ್ಷ ಅವನು ಮಾಡಿದ್ದು ಇದೊಂದೇ ಕೆಲಸ. ಅವನಿಗೆ ಬರುವುದೂ ಇದೊಂದೇ.

ಕುಡಿಯುತ್ತಿದ್ದಾಗ ಅವನನ್ನು ಪಾಲಿಶಣ್ಣ ಅಂತ ಯಾರೂ ಕರೆಯುತ್ತಿರಲಿಲ್ಲ. ಅವನ ಹೆಸರು ‘ಎಣ್ಣೆ’. “ಎಣ್ಣೆ ಬಂತು ನೋಡ್ರೋ” ಅನ್ನುವುದು ಶೆಡ್ಡಿನ ಬೆಳಗಿನ ತಮಾಷೆ. ಕೆಲಸದ ನಡುವೆ ಅವನು ನಿದ್ದೆಹೋದರೆ ಬಡಗಿಗಳು ಅವನ ಚಪ್ಪಲಿಯನ್ನು ಬೆಂಚಿಗೆ ಮೊಳೆ ಹೊಡೆದು ಇಡುತ್ತಿದ್ದರು. ಹಳೇ ಯಜಮಾನರಂತೂ ಎದುರು ಸಿಕ್ಕಾಗಲೆಲ್ಲ, “ಲೋ, ನಿನ್ನ ಕೈ ನೋಡಿ ಇಟ್ಕೊಂಡಿದೀನಿ, ಬಾಯಿ ನೋಡಿದ್ರೆ ಯಾವತ್ತೋ ಒದ್ದು ಓಡಿಸ್ತಿದ್ದೆ” ಅನ್ನುತ್ತಿದ್ದರು. ಹೊರಗೆ ಕೊಳ್ಳುವುದಕ್ಕೆ ಗತಿಯಿಲ್ಲದ ದಿನ ಅವನು ಬೀರುವಿನ ಡಬ್ಬಕ್ಕೇ ಬಾಯಿ ಹಾಕಿದ್ದುಂಟು. ಅದು ಯಾರಿಗೂ ಗೊತ್ತಿರಲಿಲ್ಲ. ಪಾಲಿಶ್ ಮಾಡುವವನ ಮೈಯಿಂದ ಸ್ಪಿರಿಟ್ ವಾಸನೆ ಬರದೆ ಇನ್ನೇನು ಬರುತ್ತದೆ?

ಒಂದು ದಿನ ರಕ್ತ ಕಾರಿಕೊಂಡು ಬಿದ್ದ. ಆಸ್ಪತ್ರೆ, ಆಮೇಲೆ ಮೂರು ತಿಂಗಳು ಕುಡಿತ ಬಿಡಿಸುವ ವಾರ್ಡು. ವಾಪಸು ಬಂದು ಕಾರ್ಖಾನೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಾಗ ಹಳೇ ಯಜಮಾನರು ಬೀಗದ ಕೈ ಅವನ ಕಡೆ ಎಸೆದು, “ಬದುಕಿದ್ಯಾ? ಹೋಗು, ಆ ದೊಡ್ಡ ಬಾಗ್ಲು ಪಾಲಿಶ್ ಇಲ್ದೆ ಹಂಗೇ ನಿಂತಿದೆ” ಅಂದರು. ಮುಗಿಯಿತು. ಸಮಾಧಾನವಿಲ್ಲ, ಉಪದೇಶವಿಲ್ಲ. ಅಂದಿನಿಂದ ನಾಲ್ಕು ವರ್ಷ, ದಿನಾ ಬೆಳಿಗ್ಗೆ ಅವನೇ ಆ ಬೀರು ತೆರೆದ, ಅವನೇ ಮುಚ್ಚಿದ. ಮೊದಮೊದಲು ಡಬ್ಬದ ಮುಚ್ಚಳ ತಿರುಗಿಸುವಾಗ ಹಲ್ಲು ಕಚ್ಚಿ ಹಿಡಿಯುತ್ತಿದ್ದ, ದವಡೆ ಸಂಜೆಯವರೆಗೂ ನೋಯುತ್ತಿತ್ತು. ನೋವು ನಿಂತದ್ದು ಯಾವಾಗ ಅಂತ ಅವನಿಗೇ ನೆನಪಿಲ್ಲ.

ಹಳೇ ಯಜಮಾನರ ಮಂಡಿ ಸೋತಿತು, ಮಗಳು ಬಂದು ಆಫೀಸಿನಲ್ಲಿ ಕೂತಳು. ಎಲ್ಲರಿಗೂ ಆಕೆ ಮೇಡಂ. ಒಳ್ಳೆಯ ಹೆಂಗಸು, ಸುಳ್ಳು ಹೇಳಬಾರದು. ಕೆಲಸದವರನ್ನು ಬಹುವಚನದಲ್ಲೇ ಮಾತಾಡಿಸುತ್ತಾಳೆ, ಜ್ವರ ಬಂದರೆ ಮನೆಗೆ ಕಳಿಸುತ್ತಾಳೆ. ಅಷ್ಟರಲ್ಲಿ ಹೊರಗೂ ಗಾಳಿ ಬೇರೆ ದಿಕ್ಕಿಗೆ ತಿರುಗಿತ್ತು. ಬಸ್‌ಸ್ಟಾಪಿನ ಗೋಡೆಯ ಮೇಲೆ ‘ವ್ಯಸನ ಪಾಪವಲ್ಲ, ಕಾಯಿಲೆ’ ಅಂತ ದಪ್ಪಕ್ಷರ. ರೇಡಿಯೋದಲ್ಲಿ ಡಾಕ್ಟರು. ಎಣ್ಣೆ ಅನ್ನುತ್ತಿದ್ದ ಬಾಯಿಗಳೇ ಈಗ ‘ಅಣ್ಣ ಗಟ್ಟಿಗ’ ಅನ್ನತೊಡಗಿದವು. ಚಪ್ಪಲಿಗೆ ಮೊಳೆ ಹೊಡೆದ ಬಡಗಿ ಬಂದು ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡ. ನಾಲಿಗೆಗೆ ಎಲುಬಿಲ್ಲ ಅನ್ನುವುದು ಸುಮ್ಮನೆ ಅಲ್ಲ.

ಒಂದು ಸೋಮವಾರ ಮೇಡಂ ಎಲ್ಲರನ್ನೂ ಶೆಡ್ಡಿನಲ್ಲಿ ಸೇರಿಸಿ, “ಅಣ್ಣ, ನಿಮ್ಮ ಕಥೆ ನಾಲ್ಕು ಜನಕ್ಕೆ ದಾರಿ ಆಗುತ್ತೆ, ಹೇಳಿ” ಅಂದಳು. ಅವನು ಪ್ರತಿ ಭಾನುವಾರ ಬೆಳಿಗ್ಗೆ ಒಂದು ಕಡೆ ಹೋಗಿ ಕೂರುತ್ತಾನೆ. ಅಲ್ಲಿ ಬರುವವರೆಲ್ಲ ಕುಡಿತ ಬಿಟ್ಟವರು, ಬಿಡಲು ಒದ್ದಾಡುತ್ತಿರುವವರು. ಅಲ್ಲಿಯ ರೂಢಿ ಒಂದೇ: ಇದ್ದದ್ದು ಇದ್ದ ಹಾಗೆ ಹೇಳಬೇಕು, ಹೇಳಿದ್ದು ಆ ಬಾಗಿಲು ದಾಟಬಾರದು. ಭಾನುವಾರದ ಆ ಅಭ್ಯಾಸದಲ್ಲೇ ಅವನು ಸೋಮವಾರ ಬಾಯಿಬಿಟ್ಟ. “ಎಷ್ಟೋ ದಿನ ನಮ್ಮ ಪಾಲಿಶ್ ಬೀರುವಿಂದಾನೇ ಕುಡಿದಿದೀನಿ” ಅಂತಲೂ ಅಂದ. ಶೆಡ್ಡಿನಲ್ಲೆಲ್ಲ ಜೋರು ಚಪ್ಪಾಳೆ. ಮೇಡಂ ಕಣ್ಣೊರೆಸಿಕೊಂಡಳು.

ಮಾರನೇ ದಿನ ಬೀರುವಿಗೆ ಹೊಸ ಬೀಗ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿದಿತ್ತು. ಬೀಗದ ಕೈ ಆಫೀಸಿನ ಗುಮಾಸ್ತನ ಹತ್ತಿರ.

“ಬೇಜಾರು ಮಾಡ್ಕೋಬೇಡಿ ಅಣ್ಣ, ನಿಮ್ಮ ಒಳ್ಳೇದಕ್ಕೇ. ಅಂಥ ವಸ್ತು ಕೈಗೆ ಸಿಗೋ ಹಾಗೆ ಇಡಬಾರದಂತೆ, ನಾನು ಓದಿದೆ. ಬೇಕಾದಾಗ ಗುಮಾಸ್ತರು ಅಳತೆ ಮಾಡಿ ಕೊಡ್ತಾರೆ” ಅಂದಳು ಮೇಡಂ.

“ನಾಲ್ಕು ವರ್ಷ ನನ್ನ ಹತ್ರಾನೇ ಇತ್ತಲ್ಲಮ್ಮ.”

“ಅದಕ್ಕೇ ಹೇಳಿದ್ದು ಅಣ್ಣ. ನಾಲ್ಕು ವರ್ಷ ನಾವು ನಿಮ್ಮ ಬಗ್ಗೆ ಯೋಚನೇನೇ ಮಾಡ್ಲಿಲ್ಲ. ನಮ್ಮದೇ ತಪ್ಪು.”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೀಗೆ ಮಾತಾಡುವವರ ಎದುರು ಏನು ಮಾಡುವುದು? ಅವನು ತಲೆಯಾಡಿಸಿ ಬಂದ.

ಹದಿನಾರು ಜನ ಕೂರುವ ಒಂದು ಉದ್ದನೆಯ ಮೇಜು ಆ ವಾರ ಪಾಲಿಶ್‌ಗೆ ಬಂತು. ಅಂಥದ್ದನ್ನು ಒಂದೇ ಓಟದಲ್ಲಿ ಮುಗಿಸಬೇಕು. ಗುಮಾಸ್ತ ಪುಟ್ಟ ಲೋಟದಲ್ಲಿ ಸ್ಪಿರಿಟ್ ಅಳೆದು ಕೊಟ್ಟು, ಬೀಗ ಹಾಕಿಕೊಂಡು, ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಹೊರಗೆ ಹೋದ. ಬಿಸಿಲು ಚುರುಗುಟ್ಟುತ್ತಿತ್ತು. ಅರ್ಧ ಮೇಜು ದಾಟುವಷ್ಟರಲ್ಲಿ ಪಾಲಿಶ್ ಪಾಕದ ಹಾಗೆ ಗಟ್ಟಿಯಾಯಿತು, ಉಂಡೆ ಮರಕ್ಕೆ ಅಂಟಿ ಎಳೆಯತೊಡಗಿತು. ಪಾಲಿಶಣ್ಣ ಮೆಟ್ಟಿಲು ಹತ್ತಿ ಆಫೀಸಿಗೆ ಓಡಿದ, ಗೇಟಿಗೆ ಓಡಿದ, ಗುಮಾಸ್ತನ ಸುಳಿವಿಲ್ಲ. ಗುಮಾಸ್ತ ವಾಪಸು ಬರುವಷ್ಟರಲ್ಲಿ ಮೇಜಿನ ನಡುವೆ ಅಡ್ಡಡ್ಡ ಪಟ್ಟೆ ಕೂತಿತ್ತು. ಮೂವತ್ತು ವರ್ಷದಲ್ಲಿ, ಕುಡಿದು ತೂರಾಡುತ್ತಿದ್ದ ದಿನಗಳಲ್ಲೂ, ಅವನ ಕೈಯಲ್ಲಿ ಇಂಥ ಕೆಲಸ ಆಗಿರಲಿಲ್ಲ. ನಾಚಿಕೆಯಿಂದ ಅವನಿಗೆ ಕಿವಿ ಬಿಸಿಯಾಯಿತು.

ಮೇಡಂ ಬೈಯಲಿಲ್ಲ. “ಒತ್ತಡ ಜಾಸ್ತಿ ಆದ್ರೆ ನಿಮಗೆ ಒಳ್ಳೇದಲ್ಲ ಅಣ್ಣ. ಸ್ವಲ್ಪ ದಿನ ಶೆಡ್ಡಲ್ಲಿ ಉಪ್ಪುಕಾಗದದ ಕೆಲಸ ನೋಡ್ಕೊಳ್ಳಿ” ಅಂದಳು. ಅಂದರೆ ಕುರ್ಚಿ ಕಾಲು ಉಜ್ಜುವ ಕೆಲಸ. ನಿನ್ನೆ ಮೊನ್ನೆ ಸೇರಿದವರು ಮಾಡುವಂಥದ್ದು. ಅಟ್ಟ ಹತ್ತಿಸಿ ಏಣಿ ತೆಗೆಯುವುದು ಅಂದರೆ ಇದೇ.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಚುತ್ತಾ ಎಲ್ಲ ಕೇಳಿದಳು. ಹದಿನೆಂಟು ವರ್ಷ ಅವನ ವಾಂತಿ ಬಳಿದವಳು, ಊರವರ ಅಯ್ಯೋಪಾಪ ಕೇಳಿ ಕೇಳಿ ಕಿವಿ ಕಲ್ಲಾಗಿದ್ದವಳು. “ಬೈಯೋ ಜನರ ಹತ್ರ ಹೆಂಗೋ ಬದುಕಿದ್ವಿ ಕಣ್ರೀ. ಕನಿಕರ ತೋರ್ಸೋರ ಹತ್ರ ಬದುಕೋದು ನಂಗಂತೂ ಗೊತ್ತಿಲ್ಲ” ಅಂದಳು. ಆಮೇಲೆ ಅವನ ಅಂಗಿ ಕೈಗೆತ್ತಿಕೊಂಡು, “ನಿಮ್ಮ ಅಂಗೀಲಿ ಪಾಲಿಶ್ ವಾಸ್ನೆ ಇಲ್ದೇ ಮನೆ ಯಾರದೋ ಅನ್ಸುತ್ತೆ” ಅಂದಳು. ಅವನಿಗೆ ಅಳು ಬಂತು. ಅಳಲೂ ಆಯಾಸ, ಹಾಗೇ ಮಲಗಿದ.

ಹದಿನೈದು ದಿನಕ್ಕೆ ಹೊಸ ಪಾಲಿಶ್‌ನವನು ಬಂದ. ನಲವತ್ತರ ಆಸುಪಾಸು, ಇಸ್ತ್ರಿ ಅಂಗಿ, ನೀಟಾಗಿ ಬಾಚಿದ ತಲೆ, ಬಾಯಲ್ಲಿ ಸದಾ ಲವಂಗ. ಮೇಜಿನ ಗತಿ ನೋಡಿ ಮೇಡಂಗೂ ಬುದ್ಧಿ ಬಂದಿತ್ತು: ಪಾಲಿಶ್ ಮಾಡುವವನ ಕೈಯಲ್ಲೇ ಬೀರು ಇರಬೇಕು. ಹೊಸಬನ ಕೈಗೆ ಬೀಗದ ಕೈ ಕೊಟ್ಟಳು. ಆ ಮೇಜನ್ನು ಅವನು ಪೂರಾ ಕೆರೆದು ಹೊಸದಾಗಿ ಹಚ್ಚಿದ. ಹೊಟ್ಟೆಯುರಿದರೂ ಪಾಲಿಶಣ್ಣ ಮನಸ್ಸಿನಲ್ಲೇ ಒಪ್ಪಿಕೊಂಡ, ಕೈ ಚೆನ್ನಾಗಿದೆ.

ಮೂರನೇ ದಿನ ಬೆಳಿಗ್ಗೆ ಟೀ ಬಂತು. ಹೊಸಬ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕೈಯನ್ನು ಬೆಂಚಿಗೆ ಒತ್ತಿಕೊಂಡು, ಬಾಯನ್ನೇ ಲೋಟದ ಹತ್ತಿರ ತಂದ. ಆಮೇಲೆ ಪಾಲಿಶ್ ಕೋಣೆಗೆ ಹೋಗಿ ಐದು ನಿಮಿಷಕ್ಕೆ ಹೊರಗೆ ಬಂದಾಗ ಕೈ ಕಲ್ಲಿನ ಹಾಗೆ ನಿಂತಿತ್ತು, ಬಾಯಲ್ಲಿ ಹೊಸ ಲವಂಗ. ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು. ಪಾಲಿಶಣ್ಣನ ಕೈಯಲ್ಲಿದ್ದ ಉಪ್ಪುಕಾಗದ ಅಲ್ಲೇ ನಿಂತುಬಿಟ್ಟಿತು.

ಅವನೇನು ದೇವರಲ್ಲ. ನೆಟ್ಟಗೆ ಮಹಡಿ ಹತ್ತಿದ. ಒಂದೇ ಒಂದು ಮಾತು ಸಾಕಿತ್ತು, ಸಂಜೆಯೊಳಗೆ ಬೀಗದ ಕೈ ಅವನ ಜೇಬಿಗೆ ಬರುತ್ತಿತ್ತೋ ಏನೋ. ಬಾಗಿಲಲ್ಲಿ ನಿಂತ. ಮೇಡಂ ನಗುತ್ತಾ ತಲೆಯೆತ್ತಿ, “ಬನ್ನಿ ಅಣ್ಣ, ಕೂತ್ಕೊಳ್ಳಿ. ಆರೋಗ್ಯ ಹೇಗಿದೆ?” ಅಂದಳು. ಆ ದನಿ ಕೇಳಿದ್ದೇ ತಡ, ನಾಳೆ ಶೆಡ್ಡಿನಲ್ಲಿ ಇನ್ನೊಂದು ಸಭೆ, ಇನ್ನೊಂದು ಹೂಗುಚ್ಛ, ತನ್ನ ಪಕ್ಕದಲ್ಲಿ ಕುರ್ಚಿ ಕಾಲು ಉಜ್ಜುತ್ತಾ ಕೂತ ಇಸ್ತ್ರಿ ಅಂಗಿ ಎಲ್ಲ ಕಣ್ಣ ಮುಂದೆ ಬಂತು.

“ಉಪ್ಪುಕಾಗದ ಮುಗಿದಿದೆಯಮ್ಮ” ಅಂದು ಇಳಿದುಬಂದ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಪಾಲಿಶ್ ಕೋಣೆಗೆ ಹೋದ. ಹೊಸಬ ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಒಬ್ಬನೇ ಕೂತಿದ್ದ.

“ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನೊಂದು ಕಡೆ ಹೋಗ್ತೀನಿ. ನೀನೂ ಬಾ.”

“ಎಲ್ಲಿಗೆ?”

“ನಮ್ಮಂಥೋರು ಸೇರೋ ಜಾಗ.”

“ನಮ್ಮಂಥೋರು ಅಂದ್ರೆ?” ಹೊಸಬ ಎದ್ದು ನಿಂತ. “ಏನ್ರೀ, ನನ್ನ ಬಾಯಿ ಮೂಸಿ ನೋಡಿದೀರಾ? ಹೋಗ್ರೀ, ನಿಮ್ಮ ಕೆಲಸ ನೋಡ್ಕೊಳ್ಳಿ!”

“ಬೆಳಿಗ್ಗೆ ಟೀ ಲೋಟ ಎರಡೂ ಕೈಲಿ ಹಿಡೀತೀಯ. ನಾನೂ ಹಂಗೇ ಹಿಡೀತಿದ್ದೆ” ಅಂದ ಪಾಲಿಶಣ್ಣ, ದನಿಯೇರಿಸದೆ.

ಹೊಸಬ ಮತ್ತೆ ಕೂತ. ಕಿಟಕಿಯ ಕಡೆ ನೋಡಿದ, ಬಾಗಿಲ ಕಡೆ ನೋಡಿದ. “ಯಾರಿಗಾದ್ರೂ ಹೇಳಿದೀರಾ?”

“ಇಲ್ಲ.”

“ಮೇಡಂಗೆ?”

“ಇಲ್ಲ ಅಂದ್ನಲ್ಲ.”

ಹೊಸಬನ ಮುಖ ಇಳಿದುಹೋಯಿತು, ಇಸ್ತ್ರಿ ಅಂಗಿಯೊಳಗಿನ ಮನುಷ್ಯ ಈಗ ಕಾಣಿಸಿದ. “ಬಿಡ್ಬೇಕು ಅಂತ ದಿನಾ ಬೆಳಿಗ್ಗೆ ಅಂದ್ಕೋತೀನಿ. ಮಗಳಿಗೆ ಗೊತ್ತಾಗಿದೆ ಅನ್ಸುತ್ತೆ, ಮುಖ ಕೊಟ್ಟು ಮಾತಾಡಲ್ಲ ಈಗ.” ಕೈಯನ್ನು ತೊಡೆಗೆ ಒರೆಸಿಕೊಂಡ. “ನಾನು ಬಂದೆ ಅಂತಾನೇ ಇಟ್ಕೊಳ್ಳಿ. ಇಲ್ಲಿ ಗೊತ್ತಾದ್ರೆ, ಬೀಗದ ಕೈ ತಗೊಂಡ್ಬಿಡ್ತಾರಾ?”

ಇಲ್ಲ, ಈಗ ಕಾಲ ಬದಲಾಗಿದೆ ಅನ್ನಬಹುದಿತ್ತು. ಗೋಡೆಯ ಮೇಲಿನ ದಪ್ಪಕ್ಷರಗಳೂ ಹಾಗೇ ಹೇಳುತ್ತಿದ್ದವು. ಆ ಒಂದು ಸುಳ್ಳಿಗೆ ಈ ಮನುಷ್ಯ ಭಾನುವಾರ ಬಂದೂ ಬರುತ್ತಿದ್ದ. ಆದರೆ ಸುಳ್ಳು ಬಿಟ್ಟೇ ಪಾಲಿಶಣ್ಣ ಕುಡಿತ ಬಿಟ್ಟದ್ದು, ಒಂದನ್ನು ಹಿಡಿದರೆ ಇನ್ನೊಂದೂ ಬರುತ್ತದೆ ಅನ್ನುವ ಭಯ ಅವನಿಗೆ.

“ತಗೋತಾರೆ” ಅಂದ. “ಚಪ್ಪಾಳೆ ತಟ್ಟಿ ತಗೋತಾರೆ.”

ಹೊಸಬ ತನ್ನ ಬೆರಳುಗಳನ್ನೇ ನೋಡುತ್ತಾ ಕೂತ. ಅವುಗಳ ಸಂದಿನಲ್ಲೆಲ್ಲ ಅರಗಿನ ಕೆಂಪು. “ಹಾಗಾದ್ರೆ ಬೇಡಣ್ಣ. ನನಗೆ ಬರೋದು ಇದೊಂದೇ ಕೆಲಸ” ಅಂದ.

ಪ್ರಾಣಕ್ಕಿಂತ ಬೀಗದ ಕೈ ದೊಡ್ಡದಾ ಅಂತ ಕೇಳಬೇಕಿತ್ತು. ಭಾನುವಾರವಾಗಿದ್ದರೆ ಕೇಳುತ್ತಿದ್ದ. ಆದರೆ ಪಾಲಿಶಣ್ಣನ ಉಗುರುಗಳಲ್ಲಿ ಈಗ ಅರಗಿಲ್ಲ, ಬರೀ ಮರದ ಹೊಟ್ಟು.

“ನಿನ್ನ ಜಾಗದಲ್ಲಿದ್ದಿದ್ರೆ ನಾನೂ ಬರ್ತಿರ್ಲಿಲ್ಲ ಕಣಪ್ಪ” ಅಂದುಬಿಟ್ಟ. ಅಂದು ಹೊರಗೆ ಬಂದ. ಎಂಥ ಮಾತು ಆಡಿದೆ ಅಂತ ತನ್ನನ್ನೇ ಬೈದುಕೊಂಡ.

ಶೆಡ್ಡಿನ ಹತ್ತಿರ ಬರುವಷ್ಟರಲ್ಲಿ ಹಿಂದಿನಿಂದ ಕಬ್ಬಿಣದ ಬೀರುವಿನ ಬಾಗಿಲು ಕಿರುಗುಟ್ಟಿತು. ಊಟದ ಬಿಡುವಿನಲ್ಲಿ ಯಾರೂ ಪಾಲಿಶ್ ಬೆರೆಸುವುದಿಲ್ಲ. ಅವನು ನಿಂತ. ಕೂತರೆ ಸಾಕಿತ್ತು, ಇನ್ನು ಹತ್ತು ಹೆಜ್ಜೆಗೆ ಅವನ ಬೆಂಚು.

“ಇದೊಳ್ಳೆ ಕರ್ಮ” ಅಂದುಕೊಂಡು ಪಾಲಿಶಣ್ಣ ಬಂದ ದಾರಿಯಲ್ಲೇ ವಾಪಸು ನಡೆದ.