ಸೆಲೀನ್‌ಗೆ ಬಾರದ ಭಾಷೆ

ಅರಬ್ಬಿ ನಾಡಿನ ಫೆಸ್ ಊರಿನ ಪೇಟೆಗೆ ಹುಳಿಕಿತ್ತಳೆಯ ಹೂವು ಬಂದು ರಾಶಿ ಬೀಳುವ ವಸಂತಕಾಲ. ಇಳಿಹೊತ್ತಿನ ಅಸರ್ ನಮಾಜಿನ ಸಮಯ, ಬುಧವಾರ. ಹಳೆಯ ಕೇರಿಗಳಲ್ಲಿ ತಾಮ್ರದ ಹಂಡೆ ಒಲೆಗೇರಿಸಿ ಹೂವಿನ ನೀರು ಬಟ್ಟಿ ಇಳಿಸುತ್ತಿದ್ದರು. ಹೊಸ ಬಡಾವಣೆಯಲ್ಲಿ ಫ್ರಾನ್ಸಿನ ಫೋನ್ ಕಂಪನಿಯ ಗಿರಾಕಿಗಳ ದೂರು ಕೇಳುವ ಗಾಜಿನ ಕಟ್ಟಡಕ್ಕೆ ಮಾತ್ರ ಘಮ ಹೋಗುತ್ತಿರಲಿಲ್ಲ. ಅಲ್ಲಿ ಕಿಟಕಿ ತೆರೆಯುವ ಹಾಗಿಲ್ಲ. ತೆರೆದರೆ ಬಾಂಗಿನ ಕೂಗು ಒಳಗೆ ಬರುತ್ತದೆ, ಫೋನಿನ ಆ ತುದಿಯಲ್ಲಿರುವ ಫ್ರಾನ್ಸಿನವರ ಕಿವಿಗೂ ಬೀಳುತ್ತದೆ. ಆಮೇಲೆ ಅವರು, ನೀವು ಎಲ್ಲಿ ಕೂತಿದ್ದೀರಿ ಎಂದು ಕೇಳುತ್ತಾರೆ.

ಎಲ್ಲಿ ಕೂತಿದ್ದೇವೆಂದು ಹೇಳಬಾರದು, ಅರಬ್ಬಿ ಆಡಬಾರದು. ಆ ಕೋಣೆಯ ಕಟ್ಟಳೆ ಅಷ್ಟೆ. ಮನೆಯಲ್ಲಿ ಸಿಹಾಮ್ ಆಗಿದ್ದವಳು ಅಲ್ಲಿ ಸೆಲೀನ್. "ಬೊಂಜೂರ್, ನಾನು ಸೆಲೀನ್. ಹೇಳಿ, ನಿಮಗೇನಾಗಬೇಕು?" ಎಂದು ಹೊತ್ತು ಹುಟ್ಟಿದಾಗಿನಿಂದ ಹೇಳಿ ಹೇಳಿ, ಒಮ್ಮೊಮ್ಮೆ ಮನೆಯ ಬಾಗಿಲು ಬಡಿದವರಿಗೂ ಹಾಗೇ ಅಂದುಬಿಡುತ್ತಿದ್ದಳು.

ಎರಡು ಸಲ ಅವಳ ಬಾಯಿ ತಪ್ಪಿತ್ತು. ನಾಳೆ ಫೋನು ಸರಿಹೋಗುತ್ತದೆ ಎನ್ನುವಾಗ ನಾಲಿಗೆಯ ತುದಿಯಲ್ಲಿದ್ದ 'ಇನ್ಶಾ ಅಲ್ಲಾ' ತಾನಾಗಿ ಜಾರಿತ್ತು. ಮೇಲ್ವಿಚಾರಕ ನಬೀಲ್ ಎಲ್ಲರೆದುರು ಕೈಮುಗಿದು ಆಡಿಕೊಂಡಿದ್ದ.

"ಸೆಲೀನ್ ಅಮ್ಮಾವ್ರೇ, ಇನ್ಶಾ ಅಲ್ಲಾ ಅನ್ನೋ ಸೆಲೀನ್‌ನ ಪ್ಯಾರಿಸ್‌ನಲ್ಲಿ ಎಲ್ಲಾದ್ರೂ ಕಂಡಿದ್ದೀಯೇನಮ್ಮಾ? ಇನ್ನೊಂದ್ ಸಲ ಅಂದ್ರೆ ಬಾಗಿಲು ಅಲ್ಲಿದೆ, ನೋಡ್ಕೊ. ನಿನ್ನ ಕುರ್ಚಿಗೆ ಹೊರಗೆ ಸಾಲು ನಿಂತಿದೆ."

ಆ ಕುರ್ಚಿ ಹೋಗುವ ಹಾಗಿರಲಿಲ್ಲ. ಅಪ್ಪ ಬೂಷ್ತಾ ನಲವತ್ತು ವರ್ಷ ಚರ್ಮದ ಪಾದರಕ್ಷೆ ಹೊಲಿದು ಕಣ್ಣು ಕಳೆದುಕೊಂಡಿದ್ದ. ಮನೆಯ ಒಲೆ ಉರಿಯುತ್ತಿದ್ದುದು ಸೆಲೀನ್‌ಳ ಬಾಯಿಂದ.

ಆದರೆ ಆ ಕೆಲಸದ ಸುದ್ದಿಯನ್ನು ತಂದೆಮಗಳು ಒಬ್ಬರಿಂದ ಮುಚ್ಚಿಟ್ಟಿದ್ದರು. ಬೂಷ್ತಾನ ಅಕ್ಕ ಯಮ್ನಾ ಗಣಿಯಲ್ಲಿ ದುಡಿಯುತ್ತಿದ್ದ ಗಂಡನ ಹಿಂದೆ ಫ್ರಾನ್ಸಿನ ಸೇಂತ್ ಎತ್ಯೆನ್‌ಗೆ ಹೋದವಳು. ಗಂಡ ಸತ್ತರೂ ಅಲ್ಲೇ ಉಳಿದಳು. ಮಗ ದ್ರಿಸ್ ಅಲ್ಲಿಯ ಫೋನ್ ಕಂಪನಿಯಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸದಲ್ಲಿ ಹನ್ನೊಂದು ವರ್ಷ ಇದ್ದ. ಒಂದು ದಿನ ಆ ಕಚೇರಿಗೆ ಬೀಗ ಬಿತ್ತು. ಕೆಲಸ ಸಮುದ್ರ ದಾಟಿ ಹೋಯಿತು ಅಂದರು. ಎಲ್ಲಿಗೆ ಅನ್ನಲಿಲ್ಲ. ಅದು ಬಂದದ್ದು ಬೂಷ್ತಾನ ಮನೆಗೆ. ದ್ರಿಸ್ ಈಗ ಲಾರಿ ಓಡಿಸಿಕೊಂಡು ಪೋಲೆಂಡು, ಸ್ಪೇನು ಎಂದು ತಿರುಗುತ್ತಿದ್ದ. ಬಿಡುವಾದ ಭಾನುವಾರ ತಾಯಿಯ ಮುಖ ನೋಡುತ್ತಿದ್ದ.

ಹೋದ ಆಗಸ್ಟಿನಲ್ಲಿ ಊರಿಗೆ ಬಂದಾಗ ಯಮ್ನಾ ತಮ್ಮನ ಮನೆಯಲ್ಲೇ ಕೂತು, ತಮ್ಮನ ಮನೆಯ ಚಹಾ ಕುಡಿಯುತ್ತ ಶಾಪ ಹಾಕಿದ್ದಳು. "ನನ್ನ ಮಗನ ರೊಟ್ಟಿ ಕಿತ್ಕೊಂಡೋರ ಬಾಯಿಗೆ ಮಣ್ಣು ಬೀಳ!" ಬೂಷ್ತಾ ತಲೆ ತಗ್ಗಿಸಿ ಪುದೀನದ ಎಲೆ ಆರಿಸುತ್ತ ಕೂತಿದ್ದ. ಸಿಹಾಮ್ ಹಲ್ಲಿನ ಡಾಕ್ಟರ ಹತ್ತಿರ ಬಂದವರ ಹೆಸರು ಬರೆದುಕೊಳ್ಳುವ ಕೆಲಸ ಮಾಡುತ್ತಾಳೆಂದು ಯಮ್ನಾಗೆ ಹೇಳಿದ್ದರು. "ಹಂಗಾದ್ರೆ ನಂಗೊಂದು ಚಿನ್ನದ ಹಲ್ಲು ಕಟ್ಟಿಸೇ, ಮಗಾ. ದುಡ್ಡು ಮಾತ್ರ ಕೇಳ್ಬೇಡ" ಎಂದು ಅವಳು ಬೋಳು ವಸಡು ತೋರಿಸಿ ನಕ್ಕಿದ್ದಳು. ತಾಯಿ ಸತ್ತ ಸಿಹಾಮ್‌ಳನ್ನು ಫ್ರೆಂಚ್ ಶಾಲೆಗೆ ಹಾಕಿಸಿ ಓದಿಸಿದವಳು ಅವಳೇ.

ಅಂದು ಕರೆ ಬಂದಾಗ ಎದುರಿನ ಪರದೆಯ ಮೇಲೆ ಹೆಸರು ಮೂಡಿತು: ಯಮ್ನಾ ಲಹ್ರಿಷಿ, ಸೇಂತ್ ಎತ್ಯೆನ್.

ಇನ್ನೂರು ಜನ ಕೂತಿದ್ದ ಕೋಣೆ ಅದು. ಆ ಕರೆ ಬೇರೆ ಯಾರಿಗಾದರೂ ಹೋಗಬಹುದಿತ್ತು.

"ಬೊಂಜೂರ್, ನಾನು ಸೆಲೀನ್..." ಎಂದಳು. ಕಿವಿಯಲ್ಲಿ ಟಿಕ್ ಎಂದು ಸದ್ದಾಯಿತು. ನಬೀಲ್ ತನ್ನ ಮೇಜಿನಿಂದಲೇ ಕರೆಯೊಳಗೆ ಸೇರಿ ಆಲಿಸತೊಡಗಿದರೆ ಬರುವ ಸದ್ದು ಅದು.

ಯಮ್ನಾಳ ಫ್ರೆಂಚ್ ಮುರುಕಲು. ಹಳೆಯ ತಂತಿಯ ಫೋನು ನಿಲ್ಲಿಸುತ್ತಾರಂತೆ, ಹೊಸ ಪೆಟ್ಟಿಗೆ ಅಂಚೆಯಲ್ಲಿ ಬಂದಿದೆ, ಏನು ಮಾಡಲಿ ಅಂದಳು. ಸಿಹಾಮ್ ಒಂದೊಂದೇ ತಂತಿ ಹೇಳಿ ಅವಳ ಕೈಯಲ್ಲೇ ಜೋಡಣೆ ಮಾಡಿಸಿದಳು. ಪೆಟ್ಟಿಗೆಯ ಹಸಿರು ದೀಪ ಹತ್ತಿತು. ಯಮ್ನಾ ಚಪ್ಪಾಳೆ ತಟ್ಟಿದಳು.

ಇನ್ನು ಉಳಿದದ್ದು ಒಂದೇ. ಯಮ್ನಾಳ ಕೊರಳಲ್ಲಿ ಒಂದು ಗುಂಡಿ ಇತ್ತು. ಒಂಟಿ ಮುದುಕಿ ಬಿದ್ದುಗಿದ್ದರೆ ಒತ್ತಲಿ, ಯಾರಾದರೂ ಓಡಿ ಬರಲಿ ಎಂದು ದ್ರಿಸ್ ಹಾಕಿಸಿದ್ದು. ಒತ್ತಿದಾಗ ಕರೆ ಕಳಿಸುವ ಅದರ ಯಂತ್ರದ ಬಿಳಿ ತಂತಿ ಇನ್ನೂ ಗೋಡೆಯ ಹಳೆಯ ಫೋನಿನ ತೂತಿನಲ್ಲೇ ಇತ್ತು. ಅದನ್ನು ಕಿತ್ತು ಪೆಟ್ಟಿಗೆಗೆ ಸಿಕ್ಕಿಸದಿದ್ದರೆ ಗುಂಡಿ ಬರಿಯ ಮಣಿ.

"ಮೇಡಂ, ಬಿಳಿ ತಂತಿಯನ್ನು ಗೋಡೆಯಿಂದ ತೆಗೆದು ಪೆಟ್ಟಿಗೆಯ ಹಿಂಭಾಗಕ್ಕೆ ಹಾಕಿ. ಹಾಕಿದಿರಾ?"

"ಹೌದು ಮೇಡಂ, ಹೌದು."

ಆ ಹೌದು ಸಿಹಾಮ್‌ಗೆ ಗೊತ್ತಿತ್ತು. ಪರದೇಶದಲ್ಲಿ ಬಾಳಿದ ಅವರ ಮನೆಯವರೆಲ್ಲ ತಿಳಿಯದಿದ್ದಾಗ ಹೌದು ಅನ್ನುವವರು. ಇನ್ನೊಂದು ಸಲ ಹೇಳಿ ಅನ್ನುವುದಕ್ಕೆ ನಾಚಿಕೆ.

ಹಿಂದೆಯೇ ಯಮ್ನಾ ತನ್ನಷ್ಟಕ್ಕೆ ಅರಬ್ಬಿಯಲ್ಲಿ ಗೊಣಗಿದಳು. "ಯಾ ರಬ್ಬೀ, ದೇವ್ರೇ, ಗೋಡೆ ಅಂತಾಳೆ, ಬಿಳಿ ಅಂತಾಳೆ. ಗೋಡೆ ಬೆಳ್ಳಗೇ ಇದೆಯಲ್ಲೇ ತಾಯಿ! ಪಾಪ, ದನಿ ಮಾತ್ರ ನಮ್ಮ ಸಿಹಾಮ್ ದನಿ ಇದ್ದಂಗಿದೆ."

ಸಿಹಾಮ್ ಮೈಕನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡಳು. ಮತ್ತೆ ಹೇಳಿದಳು, ನಿಧಾನವಾಗಿ, ಫ್ರೆಂಚಿನಲ್ಲೇ. ಮತ್ತೆ ಹೌದು ಬಂತು.

"ಹಾಗಾದರೆ ಕೊರಳ ಗುಂಡಿ ಒಂದು ಸಲ ಒತ್ತಿ ನೋಡಿ, ಮೇಡಂ."

"ಹೌದು, ಹೌದು." ಆಮೇಲೆ ಗೊಣಗು: "ಬೀಳದೇ ಗುಂಡಿ ಒತ್ತಿದ್ರೆ ಅವ್ರು ಮನೇಗೇ ಓಡ್ಬರ್ತಾರೆ ಅಂತ ದ್ರಿಸ್ ಬೈದಿದಾನೆ. ಇವಳಿಗೇನು ಗೊತ್ತು, ಎಳೇದು."

ಎಳೆಯವಳಿಗೆ ಎಲ್ಲ ಗೊತ್ತಾಯಿತು. 'ಅತ್ತೆ, ಆ ಬಿಳಿ ಬಾಲ ಕಿತ್ತು ಪೆಟ್ಟಿಗೆಗೆ ಚುಚ್ಚು' ಎಂದು ಮನೆಮಾತಿನಲ್ಲಿ ಒಂದು ಸಲ ಅಂದಿದ್ದರೆ ಆಗುತ್ತಿತ್ತು. ಮಾತು ಹಲ್ಲಿಗೆ ತಾಗಿ ನಿಂತಿತು. ಟಿಕ್ ಎಂದವನು ಇನ್ನೂ ಹೋಗಿರಲಿಲ್ಲ. ಆಡಿದರೆ ಕುರ್ಚಿ ಹೋಗುತ್ತದೆ. ಅದೂ ಅಲ್ಲದೆ, ಮಗನ ರೊಟ್ಟಿ ಯಾರ ತಟ್ಟೆಗೆ ಬಂತೆಂದು ಅತ್ತೆಗೆ ತಿಳಿಯುತ್ತದೆ.

"ನಿಮಗೆ ಶುಭ ದಿನ, ಮೇಡಂ," ಅಂದಳು.

"ನಿಂಗೂ ಒಳ್ಳೇದಾಗ್ಲಿ, ಮಗಳೇ," ಅಂದಳು ಯಮ್ನಾ, ತನ್ನ ಮುರುಕಲು ಫ್ರೆಂಚಿನಲ್ಲಿ.

ನಬೀಲ್ ಬಂದು ಮೇಜು ತಟ್ಟಿದ. "ಶಾಬಾಸ್! ಇವತ್ತು ನೀನು ನಿಜವಾದ ಸೆಲೀನ್."

ಮನೆಗೆ ಬಂದವಳೇ ಅತ್ತೆಯ ಮನೆಗೆ ಫೋನು ಮಾಡಿದಳು. ಹೊಸ ಪೆಟ್ಟಿಗೆಗೆ ಹಳೆಯ ನಂಬರು ಇನ್ನೂ ಸೇರಿರಲಿಲ್ಲವೋ ಏನೋ, ಸುಮ್ಮನೆ ಕೂಗಿ ನಿಂತಿತು. ಯಮ್ನಾಗೆ ಮಗ ಕೊಡಿಸಿದ್ದ ಮೊಬೈಲು, ಸವೆಯುತ್ತದೆ ಎಂದು ಆರಿಸಿ ಬೀರುವಿನಲ್ಲಿಟ್ಟದ್ದು ಎಲ್ಲರಿಗೂ ಗೊತ್ತಿದ್ದ ತಮಾಷೆ. ದ್ರಿಸ್‌ಗೆ ಹೇಳಬಹುದಿತ್ತು. ಹೇಗೆ ಗೊತ್ತಾಯಿತು ಅಂದರೆ?

"ಅಪ್ಪ, ದ್ರಿಸಣ್ಣ ಈ ಭಾನುವಾರ ಅತ್ತೆ ಹತ್ರ ಹೋಗ್ತಾನಾ?"

"ಹೋಗ್ತಾನೆ ಅನ್ಸುತ್ತೆ. ಯಾಕೆ?"

"ಸುಮ್ನೆ ಕೇಳ್ದೆ."

ಅವನೇ ನೋಡಿ ಸರಿಮಾಡುತ್ತಾನೆ ಎಂದುಕೊಂಡು ಊಟಕ್ಕೆ ಕೂತಳು.

ದ್ರಿಸ್ ಭಾನುವಾರ ಹೋದ. ಬಾಗಿಲು ಒಡೆಸಬೇಕಾಯಿತು. ಯಮ್ನಾ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದಳು. ಸೊಂಟ ಮುರಿದಿತ್ತು. ಬಿದ್ದದ್ದು ಗುರುವಾರ ಇರಬೇಕು, ಪ್ರಾಣ ಹೋದದ್ದು ಶನಿವಾರ ಅಂದರು ವೈದ್ಯರು. ಗುಂಡಿ ಮುಷ್ಟಿಯಲ್ಲೇ ಇತ್ತು. ಒತ್ತಿ ಒತ್ತಿ ಹೆಬ್ಬೆರಳ ಉಗುರು ಕಪ್ಪಗಾಗಿತ್ತು.

ಹುಟ್ಟಿದ ಮಣ್ಣಿಗೇ ಹಾಕಬೇಕೆಂದು ಬದುಕಿದ್ದಾಗಲೇ ಹೇಳಿಟ್ಟಿದ್ದಳು. ವಿಮಾನದಲ್ಲಿ ಫೆಸ್‌ಗೆ ತಂದರು. ಬಾಬ್ ಫ್ತೂಹ್‌ನ ಸ್ಮಶಾನದಲ್ಲಿ ಮುಂದಿನ ಶನಿವಾರ ಮಣ್ಣು ಮಾಡಿದರು. ಆ ವರ್ಷದ ಹೂವಿನ ನೀರು ಅವಳ ಗೋರಿಗೆ ಚಿಮುಕಿಸಿದರು.

ಮೂರನೆಯ ದಿನ ಗೋಧಿರವೆಯ ಕುಸ್‌ಕುಸ್ ಬಡಿಸಿ, ಕುರಾನ್ ಓದಲು ಬಂದವರನ್ನು ಕಳಿಸಿ, ಮನೆಯವರು ಮೂವರೇ ಉಳಿದರು. ದ್ರಿಸ್ ತಟ್ಟೆ ಮುಟ್ಟಿರಲಿಲ್ಲ.

"ಮಾವ, ಅಮ್ಮ ಬುಧವಾರ ಕಂಪನಿಗೆ ಫೋನ್ ಮಾಡಿದ್ಲಂತೆ. ಪಕ್ಕದ ಮನೆ ಪೋರ್ಚುಗೀಸಮ್ಮ ಹೇಳಿದ್ಳು. ಸೆಲೀನ್ ಅಂತ ಒಬ್ಳು ಮಾತಾಡಿದ್ಲಂತೆ. ಬಲೇ ತಾಳ್ಮೆ ಹುಡುಗಿ, ದೇವ್ರು ಅವಳಿಗೆ ಒಳ್ಳೇ ಗಂಡನ್ನ ಕೊಡ್ಲಿ ಅಂತ ಅಮ್ಮ ಮೆಟ್ಟಿಲ ಮೇಲೆ ನಿಂತು ದುವಾ ಮಾಡಿದ್ಲಂತೆ."

ಬೂಷ್ತಾ ಕಾಣದ ಕಣ್ಣನ್ನು ಮಗಳ ಉಸಿರಿನ ಕಡೆಗೆ ತಿರುಗಿಸಿದ.

"ಪ್ರತೀ ಕರೆನೂ ಹಿಡಿದಿಟ್ಟಿರ್ತಾರೆ, ಮಾವ. ನಾನೂ ಅದೇ ಕುರ್ಚೀಲಿ ಕೂತೋನು. ಕೋರ್ಟಿಗೆ ಹೋಗಿಯಾದ್ರೂ ತರಿಸ್ತೀನಿ. ಅವಳು ಏನಂದ್ಳು, ನನ್ನ ಕಿವೀಲೇ ಕೇಳ್ಬೇಕು."

"ಬಿಡಪ್ಪಾ, ಹೋದೋಳು ಬರ್ತಾಳಾ," ಅಂದ ಬೂಷ್ತಾ.

"ಬಿಡಲ್ಲ."

ಸಿಹಾಮ್ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯನ್ನು ನೆಲದ ಮೇಲಿಟ್ಟಳು. ಸೆರಗಿನಂತೆ ತಲೆಗೆ ಸುತ್ತಿದ್ದ ಬಿಳಿ ಬಟ್ಟೆಗೆ ಕೈ ಒರೆಸಿಕೊಂಡಳು. ಆಮೇಲೆ ಫ್ರೆಂಚಿನಲ್ಲಿ, ಕಚೇರಿಯ ತೆಳ್ಳನೆಯ ದನಿಯಲ್ಲಿ ಅಂದಳು: "ಬೊಂಜೂರ್, ನಾನು ಸೆಲೀನ್. ಹೇಳಿ, ನಿಮಗೇನಾಗಬೇಕು?"

ದ್ರಿಸ್ ತಲೆಯೆತ್ತಿ, ಸಾವಿನ ಮನೆಯಲ್ಲಿ ಇದೆಂಥ ಹುಡುಗಾಟ ಎಂಬ ಹಾಗೆ ಸಿಡುಕಿನಿಂದ ನೋಡಿದ. ಆ ನೋಟ ಅವಳ ಮುಖದ ಮೇಲೇ ನಿಂತುಬಿಟ್ಟಿತು. ಹನ್ನೊಂದು ವರ್ಷ ಆ ವಾಕ್ಯ ಹೇಳಿದವನಿಗೆ ಅದರ ರಾಗ ಗೊತ್ತು. ಬೇರೆಯವರು ಅಣಕಿಸಿದರೆ ಹಾಗೆ ಬರುವುದಿಲ್ಲ.

ಮುಂದಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೇಳಿದ.

"ಅಮ್ಮಂಗೆ ಒಬ್ಬೊಬ್ಳೇ ಗೊಣಗೋ ಅಭ್ಯಾಸ. ಅವತ್ತು ಗೊಣಗಿದ್ಳಾ?"

"ಹೂಂ."

"ನಮ್ಮ ಮಾತಲ್ಲಿ?"

"ಹೂಂ, ಅಣ್ಣ."

"ನಿಂಗೆಲ್ಲ ತಿಳೀತಾ?"

"ತಿಳೀತು."

"ಏನಂದ್ಳು?"

"ದನಿ ನಮ್ಮ ಸಿಹಾಮ್‌ದಿದ್ದಂಗಿದೆ ಅಂದ್ಳು."

ದ್ರಿಸ್ ಎದ್ದ. ಒಳಗೆ ಹೋಗಿ ಚೀಲ ತಂದ. ಬಾಗಿಲ ಬಳಿ ಬೂಷ್ತಾ ಅವನಿಗೆಂದು ಹೂವಿನ ನೀರಿನ ಶೀಸೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ಅದನ್ನು ದಾಟಿ ಹೋದ.

"ಹೋದ್ನೇನೇ?" ಅಂದ ಬೂಷ್ತಾ.

"ಹೋದ, ಅಪ್ಪ."

ಅವನ ಹಿಂದಿರುಗುವ ಟಿಕೆಟು ಇದ್ದದ್ದು ಗುರುವಾರಕ್ಕೆ. ದ್ರಿಸ್ ಹೊರಟದ್ದು ಅಂದೇ, ಸೋಮವಾರ.