ಅಂಟಿಸದ ಜಾಡಿ

ಅಪ್ಪನ ಬೆರಳ ತುದಿಯಲ್ಲಿ ಗಟ್ಟಿಯಾಗಿದ್ದ ಅಂಟನ್ನು ವೀಣ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜುತ್ತಿದ್ದಳು. ಅದು ಬಿಡುತ್ತಿರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಯಾರದೋ ಮನೆಯ ಪಿಂಗಾಣಿ ತಟ್ಟೆಯ ಚೂರು ಕೂಡಿಸುತ್ತಾ ಕೂತಿದ್ದ ಮಾದಯ್ಯ, ಕೂತಲ್ಲೇ ಎದೆ ಹಿಡಿದುಕೊಂಡು ಗೋಡೆಗೆ ಒರಗಿದ್ದ. ಈಗ ಶಾಮಿಯಾನದ ಕೆಳಗೆ ಚಾಪೆಯ ಮೇಲೆ ಮಲಗಿದ್ದ.

"ಬುಡವ್ವ, ಅದೂ ಮಾದಣ್ಣನ ಜೊತೇಲೇ ಓಗ್ಲಿ," ಎಂದಳು ಪಕ್ಕದ ಮನೆಯ ಕವಿತ.

ಅಷ್ಟರಲ್ಲಿ ಗುಂಡಿ ತೆಗೆಯಲು ಹೋಗಿದ್ದ ಊರಿನ ಆಳು ಚಿಕ್ಕಮಾದು ವಾಪಸು ಬಂದ. ಅವನ ಗುದ್ದಲಿಗೆ ಮಣ್ಣು ಹತ್ತಿರಲಿಲ್ಲ.

"ಗದ್ದೆಗೆ ಇಳಿಯಾಕೆ ಬುಡ್ನಿಲ್ಲ ಕಣವ್ವ. ನಿನ್ ಚಿಕ್ಕಪ್ಪ ಬದುವಿನ ಮ್ಯಾಲೆ ಕುಂತವ್ನೆ. ಗುದ್ಲಿ ಆಕುದ್ರೆ ಕೈ ಮುರಿತೀನಿ ಅಂತವ್ನೆ."

ಅಳುತ್ತಿದ್ದ ಹೆಂಗಸರು ತಲೆಯೆತ್ತಿ ಅವನನ್ನು ನೋಡಿದರು.

ನಾಲೆ ಪಕ್ಕದ ಆ ಗದ್ದೆಯ ಮೂಲೆಯಲ್ಲಿ ವೀಣಳ ಅಜ್ಜ, ಅಜ್ಜಿ, ಆಮೇಲೆ ಅವಳ ಅವ್ವ, ಮೂವರೂ ಮಣ್ಣಾಗಿದ್ದರು. ಅಣ್ಣತಮ್ಮಂದಿರು ಪಾಲಾದಾಗ ಗದ್ದೆ ಚಿಕ್ಕಪ್ಪ ನಾಗರಾಜುವಿನ ಭಾಗಕ್ಕೆ ಹೋಯಿತು. ಸಮಾಧಿಯ ಗುಡ್ಡೆಗಳಿರುವ ಮೂಲೆ ಮಾತ್ರ ಇಬ್ಬರಿಗೂ ಸೇರಿದ್ದು ಎಂದು ಊರಿನವರ ಮುಂದೆ ಮಾತಾಗಿತ್ತು. ತನ್ನನ್ನು ಹೆಂಡತಿಯ ಮಗ್ಗುಲಲ್ಲೇ ಮಲಗಿಸಬೇಕೆಂದು ಮಾದಯ್ಯ ಮಗಳಿಗೆ ಎಷ್ಟೋ ಸಲ ಹೇಳಿದ್ದ.

"ಊರ ಸ್ಮಶಾನಕ್ಕೇ ಒಯ್ಯಾನ. ಬಿಸ್ಲು ಏರ್ತಾ ಐತೆ, ಎಣ ಮಡಿಕಂಡು ಜಗಳ ಬ್ಯಾಡ," ಎಂದರು ಒಬ್ಬರು.

ವೀಣಳ ಗಂಡ ಸಂತೋಷ್ ಅವಳ ಕಿವಿಯ ಹತ್ತಿರ ಬಗ್ಗಿ, "ಅವ್ರು ಹೇಳೋದೂ ಸರಿ ಕಣೆ," ಎಂದ.

ವೀಣ ಅಪ್ಪನ ಕೈಯನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ನಿಂತಳು.

"ನಾನೇ ಓಗಿ ಕೇಳ್ತೀನಿ."

*

ಮಾದಯ್ಯ ಮಂಡ್ಯದಲ್ಲಿ ವಾಶ್ ಬೇಸಿನ್, ಟೈಲ್ಸ್ ಮಾರುವ ಅಂಗಡಿಯೊಂದರ ಗೋದಾಮಿನಲ್ಲಿ ಬಹಳ ಕಾಲ ಕೆಲಸ ಮಾಡಿದವನು. ಲಾರಿಯಲ್ಲಿ ಬರುವಾಗ ಅಂಚು ಹಾರಿದ ಬೇಸಿನ್ನುಗಳನ್ನು ಸರಿಮಾಡಿ ಕಲಿತದ್ದೇ ವಿದ್ಯೆ. ಕೆಲಸ ಬಿಟ್ಟು ಬಂದ ಮೇಲೆ ಮನೆಯ ಜಗಲಿಯಲ್ಲೇ ಕೂತು ಊರವರ ಒಡೆದ ಪಿಂಗಾಣಿ ಅಂಟಿಸತೊಡಗಿದ. ಚೂರುಗಳನ್ನು ಸೋಡಾಪುಡಿಯ ನೀರಿನಲ್ಲಿ ತೊಳೆದು ಬಿಸಿಲಿಗಿಡುವನು. ಎರಡು ಟ್ಯೂಬಿನ ಅಂಟು ಕಲಸಿ ಕೂಡಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು, ಮರಳು ತುಂಬಿದ ಬಾಣಲೆಯಲ್ಲಿ ಅಲುಗದಂತೆ ನಿಲ್ಲಿಸುವನು. ಚೂರೇ ಕಳೆದುಹೋಗಿದ್ದರೆ ಆ ಜಾಗಕ್ಕೆ ಹಿಂದಿನಿಂದ ಮೇಣದ ಆಸರೆ ಕೊಟ್ಟು, ಅಂಟಿಗೆ ಸೀಮೆಸುಣ್ಣದ ಪುಡಿ ಬೆರೆಸಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ ಬಣ್ಣ ಹಚ್ಚುವನು.

"ಇದ್ರಲ್ಲಿ ಬಿಸೀದು ಆಕ್ಬ್ಯಾಡಿ. ಒಣಮೆಣಸಿನಕಾಯಿ ಮಡೀಕಳಿ," ಎಂದು ಹೇಳಿಯೇ ಕೊಡುವನು.

ಕವಿತ ಆಗಾಗ ಒಂದು ಕೈಚೀಲದಲ್ಲಿ ಚೂರುಗಳನ್ನು ತರುತ್ತಿದ್ದಳು. "ನಮ್ಮ ನೆಂಟ್ರದು ಕಣ್ ಮಾದಣ್ಣ," ಎನ್ನುವಳು. ಮೊದಲ ಸಲ ಚೀಲ ಬಿಚ್ಚಿದಾಗಲೇ ನೀಲಿ ಹೂವಿನ ಸಾಸರು ಮಾದಯ್ಯನಿಗೆ ಗುರುತು ಸಿಕ್ಕಿತು. ಅದು ತಮ್ಮ ನಾಗರಾಜುವಿನ ಮದುವೆಗೆ ಅವನೇ ತಂದುಕೊಟ್ಟದ್ದು. ನಾಗರಾಜುವಿನ ಹೆಂಡತಿ ಅಂಕಮ್ಮ ಕವಿತಳ ಕೈಯಲ್ಲಿ ಕಳಿಸುತ್ತಿದ್ದಳು. ಅವನಿಗೆ ಎಲ್ಲ ತಿಳಿಯಿತು. ಅಂಟಿಸಿ ಕೊಟ್ಟ. ಮತ್ತೆ ಬಂತು. ಮತ್ತೆ ಅಂಟಿಸಿದ.

ಒಂದು ದಿನ ಗಂಡನ ಊರು ಮದ್ದೂರಿನಿಂದ ಬಂದಿದ್ದ ವೀಣಳ ಮುಂದೆ ಕಪ್ಪಿನ ಚೂರೊಂದನ್ನು ಹಿಡಿದು ಹೇಳಿದ: "ಕೈ ಜಾರಿ ಬಿದ್ದದ್ದು ಇಂಗ್ ಒಡೆಯಕ್ಕಿಲ್ಲ ಕಣವ್ವ. ಇದ ನಾಗ ಗ್ವಾಡೆಗೆ ಎಸೆದವ್ನೆ."

"ಓಗಿ ಕೇಳಪ್ಪ."

"ನಾ ಕೇಳುದ್ರೆ ಏಟು ಅವಳ್ಗೇ ಬೀಳ್ತದೆ."

ಹೀಗೆಂದೇ ಅವನು ವರ್ಷಗಟ್ಟಲೆ ಸುಮ್ಮನಿದ್ದ. ಕೊನೆಗೆ ಒಂದು ಉಪ್ಪಿನಕಾಯಿ ಜಾಡಿ ಬಂತು. ಅವತ್ತೂ ವೀಣ ಮನೆಯಲ್ಲಿದ್ದಳು. ಚೂರುಗಳನ್ನು ನೀರಿಗೆ ಹಾಕುವ ಮುಂಚೆ ಮಾದಯ್ಯ ಒಂದನ್ನು ಬೆಳಕಿಗೆ ಹಿಡಿದ. ಒಡೆದ ಅಂಚಿನಲ್ಲಿ ಕಂದು ಬಣ್ಣದ ಕರೆ ಒಣಗಿತ್ತು. ಅದರಲ್ಲಿ ಉದ್ದನೆಯ ಎರಡು ಕೂದಲು ಸಿಕ್ಕಿಕೊಂಡಿದ್ದವು.

ಅವನು ಚೂರುಗಳನ್ನೆಲ್ಲ ಟವೆಲ್ಲಿನಲ್ಲಿ ಗಂಟು ಕಟ್ಟಿದ. ಚಪ್ಪಲಿ ಕೂಡ ಹಾಕಿಕೊಳ್ಳದೆ ಬೀದಿಗಿಳಿದ. ವೀಣ ಹಿಂದೆಯೇ ಓಡಿದಳು.

ನಾಗರಾಜು ಜಗಲಿಯ ಮೇಲೆ ನಾಲ್ಕಾರು ಜನರೊಡನೆ ಕೂತಿದ್ದ. ಮಾದಯ್ಯ ಅವನ ಕಾಲ ಹತ್ತಿರ ಗಂಟು ಬಿಚ್ಚಿ ಸುರಿದ.

"ಎಲ್ಲಾನೂ ಅಂಟುಸ್ಕೊಟ್ಟೆ ಕಣ್ಲಾ ನಾಗ. ಇದ ನಾ ಅಂಟ್ಸಕ್ಕಿಲ್ಲ. ಇದ್ರಲ್ಲಿ ನಿನ್ ಎಂಡ್ತಿ ರಕ್ತ ಐತೆ. ನೋಡು. ಎಲ್ರೂ ನೋಡಿ."

ಜನ ಚೂರುಗಳನ್ನು ನೋಡಿದರು, ಆಮೇಲೆ ನೆಲ ನೋಡಿದರು. ಬಾಗಿಲಲ್ಲಿ ಅಂಕಮ್ಮ ಸೆರಗನ್ನು ಹಣೆಯವರೆಗೂ ಎಳೆದುಕೊಂಡು ನಿಂತಿದ್ದಳು. ಅವಳ ಬಾಯಿಂದ ಒಂದು ಮಾತೂ ಬರಲಿಲ್ಲ.

ನಾಗರಾಜು ಎದ್ದ. "ನನ್ ಮನೆ ಇಚಾರುಕ್ಕೆ ನೀನ್ಯಾವನ್ಲಾ? ಇನ್ಮ್ಯಾಕೆ ನೀನು ಸತ್ರೂ ನನ್ ಗದ್ದೆಗೆ ಬರಕೂಡ್ದು."

ಅಲ್ಲಿಗೆ ಚೀಲ ಬರುವುದು ನಿಂತಿತು. ಮಾದಯ್ಯನಿಗೆ ಅದೇ ಒಂದು ಕೊರಗಾಯಿತು. ಕವಿತ ಅಂಗಳಕ್ಕೆ ಬಂದಾಗಲೆಲ್ಲ ಅವಳ ಕೈ ನೋಡುವನು. "ಒಡೆಯದು ನಿಂತೋ, ಕಳ್ಸದು ನಿಂತೋ," ಎಂದು ಮಗಳ ಹತ್ತಿರ ಫೋನಿನಲ್ಲಿ ಹೇಳಿಕೊಳ್ಳುವನು.

*

ನಾಗರಾಜು ಬದುವಿನ ಮೇಲೆ ಬಿಳಿ ಅಂಗಿ ತೊಟ್ಟು ಕೂತಿದ್ದ. ಎದುರಿಗೆ ಕಬ್ಬು ಕಡಿದ ಬೋಳು ಗದ್ದೆ, ಮೂಲೆಯಲ್ಲಿ ಮೂರು ಗುಡ್ಡೆ. ವೀಣಳ ಹಿಂದೆ ಸಂತೋಷ್, ಚಿಕ್ಕಮಾದು, ಊರಿನ ಅರ್ಧ ಗಂಡಸರು ಬಂದು ನಿಂತರು.

"ಚಿಕ್ಕಪ್ಪ, ಜಗಳ ಏನಿದ್ರೂ ಆಮೇಲೆ ಮಾಡು. ಅಪ್ಪನ್ನ ಅವ್ವನ ಪಕ್ಕ ಮಲಗ್ಸಕ್ಕೆ ಬುಡು."

"ಬುಡ್ತೀನಿ," ಎಂದ ನಾಗರಾಜು. ಅವನ ದನಿ ತಣ್ಣಗಿತ್ತು. "ಊರ್ ಮುಂದೆ ನಿಮ್ಮಪ್ಪ ನನ್ ಮರ್ವಾದೆ ತಗುದ್ನಲ್ಲ, ಅದು ತಪ್ಪು ಅಂತ ಇವರೆಲ್ಲರ ಮುಂದೆ ನೀನು ಏಳು. ನಮ್ಮಪ್ಪ ಸುಳ್ಳು ಏಳಿದ್ದ ಅನ್ನು. ಅಷ್ಟೇಯ."



"ಒಂದ್ ಮಾತು ಅಂದ್ಬುಡವ್ವ," ಎಂದರು ಹಿಂದಿನಿಂದ ಯಾರೋ. "ಸತ್ತೋನ್ಗೆ ಏನ್ ಕೇಳುಸ್ತದೆ?"

"ಹೇಳ್ಬಿಡು ವೀಣ," ಎಂದ ಸಂತೋಷ್. "ಮಾವ ಅಲ್ಲಿ ಸೆಕೆಯಲ್ಲಿ ಮಲಗವ್ರೆ."

ಅಪ್ಪನ ಆಸೆಯೋ, ಅಪ್ಪನ ಮಾತೋ? ಎರಡರಲ್ಲಿ ಒಂದನ್ನು ಇಲ್ಲಿ, ಇವರ ಮುಂದೆ, ಈಗಲೇ ಬಿಟ್ಟುಕೊಡಬೇಕಿತ್ತು. ಊರ ಕಡೆಯಿಂದ ತಮಟೆ ಶುರುವಾದದ್ದು ಕೇಳಿಸಿತು. ಹೆಣ ಎತ್ತಲು ತಯಾರಾಗಿದ್ದರು. ವೀಣಳ ತುಟಿ ಅಲುಗಿತು.

"ಏಳ್ಬ್ಯಾಡ ಕಣವ್ವ."

ಜನ ತಿರುಗಿ ನೋಡಿ ದಾರಿ ಬಿಟ್ಟರು. ಅಂಕಮ್ಮ ಬರುತ್ತಿದ್ದಳು, ಬರಿಗಾಲಲ್ಲಿ.

"ಮನ್ಗೋಗೇ," ಎಂದ ನಾಗರಾಜು.

ಅವಳು ಅವನ ಕಡೆ ನೋಡಲಿಲ್ಲ. ಗಂಡಸರ ನಡುವೆ ನಿಂತು ಸೆರಗು ಸರಿಸಿದಳು. ಬೈತಲೆಯ ಪಕ್ಕದ ಕೂದಲನ್ನು ಎರಡೂ ಕೈಯಿಂದ ಸೀಳಿ ತಲೆ ಬಗ್ಗಿಸಿದಳು. ಕೂದಲು ಹುಟ್ಟದ ಗೆರೆಯೊಂದು ನೆತ್ತಿಯಿಂದ ಕಿವಿಯ ಕಡೆ ಇಳಿದಿತ್ತು.

"ಬಾವ ಸುಳ್ಳು ಏಳ್ನಿಲ್ಲ. ಅವತ್ತು ಬಾಗ್ಲಲ್ಲಿ ನಿಂತು ನಾನು ಬಾಯ್ ಬುಡ್ನಿಲ್ಲ. ಅಷ್ಟೇ."

"ಚಿಕ್ಕವ್ವ," ಎಂದಳು ವೀಣ. "ಆಮೇಲೆ ಚೀಲ ಬರ್ನಿಲ್ಲ. ಅಪ್ಪ ಕೇಳ್ತಾನೇ ಇದ್ದ. ಒಡೆಯದು ನಿಂತೋಯ್ತಾ ಅಂತ."

ಅಂಕಮ್ಮ ಕೂದಲು ಸರಿಮಾಡಿಕೊಂಡಳು.

"ಪಿಂಗಾಣಿ ಮನೇಲಿ ಮಡಗದ ಬುಟ್ಟೆ ಕಣವ್ವ. ಈಗ ಎಲ್ಲ ಸ್ಟೀಲು. ಅದು ಒಡೆಯಕ್ಕಿಲ್ಲ."

ಸಂತೋಷ್ ತಲೆ ತಗ್ಗಿಸಿದ. ಅಂಕಮ್ಮ ಚಿಕ್ಕಮಾದುವಿನ ಹೆಗಲಿನಿಂದ ಗುದ್ದಲಿ ತೆಗೆದುಕೊಂಡು ಗದ್ದೆಗಿಳಿದಳು. ಮೂರನೆಯ ಗುಡ್ಡೆಯ ಮಗ್ಗುಲಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೊದಲ ಏಟು ಹಾಕಿದಳು.

"ಏಯ್!" ಎಂದು ನಾಗರಾಜು ನುಗ್ಗಿದ. ವೀಣ ಅಡ್ಡ ನಿಂತಳು. ಅವನ ಕೈ ಮೇಲೆದ್ದಿತು. ಆ ಕೈಯನ್ನು ಊರಿಗೆ ಊರೇ ನೋಡುತ್ತಿತ್ತು. ಚಿಕ್ಕಮಾದು ಮುಂದೆ ಬಂದು ವೀಣಳ ಪಕ್ಕ ನಿಂತ. ಸಂತೋಷ್ ಬಂದ. ಆಮೇಲೆ ಇನ್ನಿಬ್ಬರು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ನಾಗರಾಜು ಅಂಗಿಯ ಕಾಲರು ಸರಿಮಾಡಿಕೊಂಡ.

"ಕೊಡು ಅಂಕಕ್ಕ, ನಾ ತೆಗಿತೀನಿ," ಎಂದ ಚಿಕ್ಕಮಾದು.

"ಮೊಣಕಾಲುದ್ದ ನಾ ತೆಗಿತೀನಿ. ಆಮ್ಯಾಕೆ ನೀವು."

ವೀಣ ಇನ್ನೊಂದು ಗುದ್ದಲಿ ತಂದು ಎದುರಿಗೆ ನಿಂತಳು. ಇಬ್ಬರೂ ಅಗೆದರು.

"ಚಿಕ್ಕವ್ವ, ಇವತ್ತಿಂದ ನಮ್ಮನೇಲಿರು."

"ಮೊದ್ಲು ಬಾವನ್ನ ಮಲಗ್ಸಾನ. ಆಮೇಲೆ ಬತ್ತೀನಿ."

ತಮಟೆಯ ಸದ್ದು ಹತ್ತಿರ ಬರುತ್ತಿತ್ತು. ಗುಂಡಿಯಿಂದ ಒಂದೇ ಸಮನೆ ಮಣ್ಣು ಹಾರಿ ಬದುವಿನ ಬುಡಕ್ಕೆ ಬೀಳುತ್ತಿತ್ತು. ಅದು ಬಿದ್ದಂತೆಲ್ಲ ನಾಗರಾಜು ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಚಟ್ಟ ನಾಲೆಯ ಏರಿ ದಾಟಿ ಗದ್ದೆಗಿಳಿಯುವ ಹೊತ್ತಿಗೆ ಅವನು ಬದುವಿನ ಆಚೆ, ಪಕ್ಕದವರ ನಾಟಿ ಗದ್ದೆಯ ಕೆಸರುನೀರಿನಲ್ಲಿ, ಚಪ್ಪಲಿ ಸಮೇತ ನಿಂತಿದ್ದ.