ಬುಗುರಿಯ ಒದೆ

ಈ ಕೋಚ್ ತರಬೇತಿ ಕೊಟ್ಟ ಫುಟ್‌ಬಾಲ್ ತಂಡ ಗೆದ್ದದ್ದನ್ನು ಕಂಡವರು ಯಾರೂ ಇಲ್ಲ. ಸೋತಾಗಲೆಲ್ಲ ಮೈದಾನ ಸರಿಯಿಲ್ಲ ಎನ್ನುತ್ತಿದ್ದ. ಕುಣಿಯಲಾರದವಳಿಗೆ ನೆಲ ಡೊಂಕು, ಇನ್ನೇನು. ಅವನಿಗಿದ್ದದ್ದು ಒಂದೇ ಆಸೆ: ಕಣ್ಣು ಮುಚ್ಚುವುದರೊಳಗೆ ಒಬ್ಬ ನಿಜವಾದ ಆಟಗಾರನನ್ನು ತಯಾರು ಮಾಡಬೇಕು. ಆ ಆಟಗಾರ ಅಕ್ಕನ ಮನೆಯಲ್ಲೇ ಸಿಕ್ಕಿದ. ಅಂದರೆ ಸಿಕ್ಕಿದಳು, ಅಕ್ಕನ ಮಗಳು, ಮೂರು ವರ್ಷದವಳು.

ನಿದ್ದೆಯಲ್ಲಿ ಗಿರಗಿರ ತಿರುಗುತ್ತಿದ್ದುದರಿಂದ ಅವಳಿಗೆ ಬುಗುರಿ ಎಂದೇ ಹೆಸರು. ದಿಂಬಿನ ಮೇಲೆ ತಲೆಯಿಟ್ಟು ಮಲಗಿದವಳು ಬೆಳಗಾಗುವಷ್ಟರಲ್ಲಿ ಮಂಚದ ಕೆಳಗಿರುತ್ತಿದ್ದಳು. ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಒದೆಯುತ್ತಿದ್ದಳು. ಪಕ್ಕದಲ್ಲಿ ಮಲಗುತ್ತಿದ್ದ ಭಾವ ಊದಿದ ಮೂಗು ಹೊತ್ತುಕೊಂಡು ಬ್ಯಾಂಕಿನ ಕೌಂಟರಿನಲ್ಲಿ ಕೂರುತ್ತಿದ್ದರು. ಗ್ರಾಹಕರು ಅಕ್ಕನ ಬಗ್ಗೆ ಏನೇನೋ ಊಹಿಸಿಕೊಂಡು ಅವರ ಮೇಲೆ ಮರುಕಪಡುತ್ತಿದ್ದರು.

"ಎಡಗಾಲಿನ ಒದೆ ಅಕ್ಕ! ಲಕ್ಷಕ್ಕೊಬ್ಬರಿಗೆ ಬರೋದು!" ಎಂದು ಕೋಚ್ ಚಪ್ಪಾಳೆ ತಟ್ಟಿ ಕುಣಿದಾಡಿದ.

ಹಗಲು ಮಗುವನ್ನು ನೋಡಿಕೊಳ್ಳುವವನು ಅವನೇ. ಆಟಗಾರ್ತಿಯ ಮೂಳೆ ಗಟ್ಟಿಯಾಗಲಿ ಎಂದು ಹಾಲು ಕುಡಿಸಿದ್ದೇ ಕುಡಿಸಿದ್ದು. ಎದ್ದರೆ ಹಾಲು, ಆಡಿದರೆ ಹಾಲು, ಆಡದಿದ್ದರೂ ಹಾಲು. ಊಟದ ತಟ್ಟೆ ಕಂಡರೆ ಬುಗುರಿ ಮುಖ ತಿರುಗಿಸುತ್ತಿದ್ದಳು. ಮೈದಾನದಲ್ಲಿ ಚೆಂಡು ಮುಂದಿಟ್ಟರೆ ಈ ಮಹಾ ಆಟಗಾರ್ತಿ ನಾಲ್ಕು ಹೆಜ್ಜೆಗೆ ಸುಸ್ತಾಗಿ ಅದರ ಮೇಲೇ ಕೂತುಬಿಡುತ್ತಿದ್ದಳು. ದೊಡ್ಡ ಆಟಗಾರರು ಶಕ್ತಿ ಉಳಿಸಿಕೊಳ್ಳುತ್ತಾರೆ ಎಂದು ಕೋಚ್ ಸಮಾಧಾನ ಹೇಳಿಕೊಳ್ಳುತ್ತಿದ್ದ.

ಕೊನೆಗೆ ಅಕ್ಕನಿಗೆ ರೋಸಿಹೋಯಿತು. "ಮಗು ಹೇಗೆ ಬಿಳುಚಿಕೊಂಡಿದೆ ನೋಡೋ. ನಡಿ ಡಾಕ್ಟರ ಹತ್ರ."

"ಪ್ರತಿಭೆಗೂ ಮದ್ದು ಕೊಡಿಸ್ತೀಯಾ?" ಎಂದು ಗೊಣಗುತ್ತಲೇ ಕೋಚ್ ಹೊರಟ.

ನಿದ್ದೆಯ ಒದೆಯ ಕತೆಯನ್ನು ಅಕ್ಕನಿಂದ ಕೇಳಿ ಡಾಕ್ಟರಮ್ಮ ರಕ್ತಪರೀಕ್ಷೆಯ ವರದಿ ನೋಡಿದರು. "ಕಬ್ಬಿಣದ ಅಂಶ ತೀರಾ ಕಡಿಮೆ ಇದೆ. ದಿನಕ್ಕೆ ಎಷ್ಟು ಹಾಲು ಕುಡೀತಾಳೆ?"

ಕೋಚ್ ಎದೆಯುಬ್ಬಿಸಿ ಎದ್ದು ನಿಂತ. "ಲೀಟರಿಗೆ ಕಮ್ಮಿ ಇಲ್ಲ ಡಾಕ್ಟ್ರೇ! ನಾನೇ ಕುಡಿಸೋದು!" ಬಹುಮಾನ ಕೊಡುವವರ ಮುಂದೆ ನಿಂತಂತೆ ನಿಂತೇ ಇದ್ದ.

"ಅದೇ ತೊಂದರೆ. ಹಾಲಲ್ಲಿ ಕಬ್ಬಿಣ ಇಲ್ಲ ಅಂತಲೇ ಹೇಳಬೇಕು. ಹೊಟ್ಟೆ ಹಾಲಲ್ಲೇ ತುಂಬಿದ್ರೆ ಊಟ ಎಲ್ಲಿ ಸೇರುತ್ತೆ? ಕಬ್ಬಿಣ ಕಮ್ಮಿಯಾದ್ರೆ ಕೆಲವು ಮಕ್ಕಳ ಕಾಲಿಗೆ ನಿದ್ದೆಯಲ್ಲಿ ನೆಮ್ಮದಿ ಇರಲ್ಲ, ಅದಕ್ಕೇ ಒದೆಯೋದು."

ಕೋಚ್ ಮೆಲ್ಲಗೆ ಕೂತ. "ಮದ್ದು ಕೊಟ್ರೆ ಆ ಒದೆ... ನಿಂತೇ ಹೋಗುತ್ತಾ?"

"ನಿಲ್ಲಲಿ ಅಂತಾನೇ ಕೊಡೋದು," ಎಂದು ಅವರು ಮಗುವಿನ ಕಡೆ ತಿರುಗಿದರು. "ಮಲಗಿದಾಗ ಕಾಲಿಗೆ ಏನಾಗುತ್ತೆ ಪುಟ್ಟಿ?"

"ಒಳಗೆ ಇರುವೆ ಓಡುತ್ತೆ," ಎಂದಳು ಬುಗುರಿ. "ಒದ್ರೆ ಹೋಗುತ್ತೆ. ಮತ್ತೆ ಬರುತ್ತೆ."

ಮಗು ಇರುವೆ ಓಡಿಸಲು ಒದ್ದಾಡುತ್ತಿದ್ದರೆ ತಾನು ಪಕ್ಕದಲ್ಲಿ ಕೂತು ಚಪ್ಪಾಳೆ ತಟ್ಟಿದ್ದನಲ್ಲ! ಕೋಚ್‌ಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಮದ್ದಿನ ಚೀಟಿಯನ್ನು ಅಕ್ಕನ ಕೈಯಿಂದ ಕಸಿದುಕೊಂಡು ಅಂಗಡಿಗೆ ಓಡಿದ.

ಹನಿಮದ್ದು ಶುರುವಾಯಿತು, ಹಾಲು ಎರಡೇ ಲೋಟಕ್ಕೆ ಇಳಿಯಿತು. ಕೋಚ್ ಸೊಪ್ಪು, ಕಾಳು ಬೇಯಿಸಿ, ಮಸೆದು, ಕಿತ್ತಳೆ ಬಿಡಿಸಿ ತಿನ್ನಿಸಿದ. ಮಗುವಿನ ಮಲ ಕಪ್ಪಾದದ್ದು ಕಂಡು ಬೊಬ್ಬೆ ಹಾಕುತ್ತಾ ಕ್ಲಿನಿಕ್ಕಿಗೆ ಫೋನ್ ಮಾಡಿದ. ಅದು ಮದ್ದಿನ ಬಣ್ಣ ಎಂದು ಡಾಕ್ಟರಮ್ಮ ನಕ್ಕರು. ತಿಂಗಳುಗಳು ಕಳೆದಂತೆ ಬುಗುರಿ ಮಲಗಿದಲ್ಲೇ ಏಳತೊಡಗಿದಳು. ಭಾವನ ಮೂಗು ಮೊದಲಿನ ಆಕಾರಕ್ಕೆ ಬಂತು. ಗ್ರಾಹಕರು ಗಂಡಹೆಂಡಿರು ರಾಜಿಯಾದರೆಂದು ಸಂತೋಷಪಟ್ಟರು.

ಒಂದು ಸಂಜೆ ಕೋಚ್ ಅಭ್ಯಾಸ ನಡೆಸುತ್ತಿದ್ದಾಗ ಬುಗುರಿ ಒಂದು ಚಿಟ್ಟೆಯ ಹಿಂದೆ ಬಿದ್ದಳು. ಚೆಂಡನ್ನು ದಾಟಿ, ಗೋಲನ್ನು ದಾಟಿ, ಮೈದಾನದ ಆ ತುದಿ ಮುಟ್ಟಿ, ಕೇಕೆ ಹಾಕುತ್ತಾ ಈ ತುದಿಗೆ ಬಂದು ಮತ್ತೆ ಓಡಿದಳು.

"ಸರ್, ಅವಳು ಚೆಂಡಿನ ಕಡೆ ತಿರುಗಿಯೂ ನೋಡ್ಲಿಲ್ಲ!" ಎಂದ ಗೋಲ್‌ಕೀಪರ್.

"ಚೆಂಡು ಹಾಳಾಗಿ ಹೋಗ್ಲಿ! ಓಡ್ತಿದಾಳೆ ಕಣ್ರೋ! ಓಡ್ತಿದಾಳೆ!" ಎನ್ನುತ್ತಾ ಕೋಚ್ ಎಲ್ಲರ ಮುಂದೆ ಗಳಗಳನೆ ಅತ್ತ.